ಅತಿವಾಹನದಿಂದ ದಾನದೆಡೆಗೆ

ಪರಿಗ್ರಹವನ್ನು ಮಿತಗೊಳಿಸುವ ವ್ರತ ಕೈಗೊಂಡ ಶ್ರಾವಕನು ಎಚ್ಚರದಿಂದ ದೂರವಿರಬೇಕಾದ ಐದು ಅತಿಚಾರಗಳನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ್ದಾರೆ. ಅವು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಹಾಗೂ ಅತಿಭಾರವಹನ. ಮೊದಲನೆಯದೇ ವಾಹನಕ್ಕೆ ಸಂಬಂಧಿಸಿದ್ದು. ಲೋಭದಿಂದ ಎತ್ತು ಕುದುರೆಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು ಅತಿವಾಹನವೆಂದು ಒಂದು ವಿವರಣೆ; ಅಗತ್ಯವನ್ನು ಮೀರಿ ವಾಹನಗಳನ್ನು ಇರಿಸಿಕೊಳ್ಳುವುದೆಂದು ಇನ್ನೊಂದು. ಎತ್ತಿನ ಬಂಡಿಯ ಕಾಲ ಸರಿದರೂ ಆ ಶಬ್ದಕ್ಕೆ ಮುಪ್ಪು ಬಂದಿಲ್ಲ.

ಅದರ ಇಂದಿನ ರೂಪವೊಂದನ್ನು ಅಮೆರಿಕದಲ್ಲಿ ಕಾಣಬಹುದು. ಜಪಾನಿನ ನಿಸ್ಸಾನ್ ಸಂಸ್ಥೆ 1989ರಿಂದ 1994ರವರೆಗೆ ಸ್ಕೈಲೈನ್ ಜಿಟಿ-ಆರ್ ಆರ್32 ಎಂಬ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಅವಳಿ ಟರ್ಬೊಗಳುಳ್ಳ 2.6 ಲೀಟರಿನ ಎಂಜಿನ್, ನಾಲ್ಕೂ ಚಕ್ರಗಳಿಗೆ ಹಂಚಿಕೆಯಾಗುವ ಶಕ್ತಿ, ಬಲಬದಿಯ ಚಾಲಕ ಪೀಠ ಅದರ ವೈಶಿಷ್ಟ್ಯಗಳು. ಅಮೆರಿಕದಲ್ಲಿ ಕಂಪನಿ ಅದನ್ನು ಮಾರಲಿಲ್ಲ. ಅಲ್ಲಿನ ಸುರಕ್ಷಾ ನಿಯಮಗಳಿಗೆ ಹೊಂದದ ವಿದೇಶಿ ಕಾರು ಸಾಮಾನ್ಯವಾಗಿ 25 ವರ್ಷ ತುಂಬಿದ ಮೇಲಷ್ಟೇ ವಿನಾಯಿತಿ ಪಡೆದು ಆ ದೇಶದೊಳಗೆ ಬರಬಹುದು. ಹೀಗಾಗಿ 1989ರ ಕಾರಿಗಾಗಿ ಅಭಿಮಾನಿಗಳು 2014ರವರೆಗೂ, 1999ರಲ್ಲಿ ತಯಾರಾದ ಆರ್34 ಕಾರಿಗಾಗಿ 2024ರವರೆಗೂ ಕಾಯಬೇಕಾಯಿತು. ಅಷ್ಟು ಕಾದು ಪಡೆದ ವಸ್ತುವಿಗೆ ಮನಸ್ಸು ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಆ ದೇಶದಲ್ಲಿ ನೆಲೆಸಿರುವ ಶ್ರಾವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಗ್ಯಾರೇಜಿನಲ್ಲಿ ಅಂಥದೊಂದು ಕಾರಿದೆ. ನಿತ್ಯದ ಓಡಾಟಕ್ಕೆ ಬೇರೆ ಕಾರಿದೆ. ಇದನ್ನು ಅವನು ಮಳೆಯಲ್ಲಿ ಹೊರತೆಗೆಯುವುದಿಲ್ಲ, ಮಕ್ಕಳನ್ನು ಮುಟ್ಟಗೊಡುವುದಿಲ್ಲ. ರಾತ್ರಿ ಮಲಗುವ ಮುನ್ನ ಅದರ ಮಾರುಕಟ್ಟೆ ಬೆಲೆ ಎಷ್ಟು ಏರಿತೆಂದು ನೋಡಿಕೊಳ್ಳುತ್ತಾನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ‘ಮೂರ್ಛೆ’ ಎಂದಿದ್ದಾರೆ. ‘ಇದು ನನ್ನದು’ ಎಂಬ ಭಾವದಲ್ಲಿ ಎಚ್ಚರ ತಪ್ಪುವುದೇ ಮೂರ್ಛೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂಬ ಪ್ರಶ್ನೆ ಒಂದು ದಿನ ಅವನಲ್ಲಿ ಏಳುತ್ತದೆ. ಕಾರನ್ನು ದಾನ ಮಾಡಲು ನಿಶ್ಚಯಿಸುತ್ತಾನೆ.

ಅಲ್ಲಿಂದಲೇ ನಿಜವಾದ ಪರೀಕ್ಷೆಯ ಆರಂಭ. ಅಮೆರಿಕದಲ್ಲಿ ಕಾರುದಾನ ಸಾಮಾನ್ಯವಾದ ಪದ್ಧತಿ. ಸೇವಾಸಂಸ್ಥೆಗೆ ಕಾರು ಕೊಟ್ಟವನಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ರಿಯಾಯಿತಿ ದೊರೆಯಬಹುದು. ಹಿಂದೆ ಕೊಟ್ಟವನೇ ಕಾರಿನ ಮಾರುಕಟ್ಟೆ ಬೆಲೆಯನ್ನು ಅಂದಾಜಿಸಿ ಹೇಳಬಹುದಿತ್ತು. ಹಳೆಯ ಕಾರಿಗೆ ದೊಡ್ಡ ಬೆಲೆ ಬರೆದವರೂ ಇದ್ದರು. 2004ರಲ್ಲಿ ಕಾಯಿದೆ ಬದಲಾಯಿತು. ಸಂಸ್ಥೆಯು ಕಾರನ್ನು ಬಳಸದೆ ಹಾಗೆಯೇ ಮಾರಿದರೆ, 500 ಡಾಲರು ಮೀರಿದ ಕಾರುಗಳ ವಿಷಯದಲ್ಲಿ, ಮಾರಾಟದಿಂದ ಬಂದ ಮೊತ್ತಕ್ಕಿಂತ ಹೆಚ್ಚಿನ ರಿಯಾಯಿತಿ ಕೇಳುವಂತಿಲ್ಲ. ಕಾಯಿದೆ ಹೊರಗಿನಿಂದ ತಿದ್ದಿದ ಈ ದೋಷಕ್ಕೆ ಜೈನಶಾಸ್ತ್ರದಲ್ಲಿ ಹೆಸರುಗಳಿವೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಕಳೆದುಕೊಂಡವನೇ ವ್ರತಿ. ಬೆಲೆಯನ್ನು ಉಬ್ಬಿಸಿ ಹೇಳುವುದು ಮಾಯೆ. ಕೊಡುವಾಗಲೇ ಫಲವನ್ನು ಬಯಸುವುದು ನಿದಾನ. ಕಾನೂನು ಕೊಟ್ಟ ರಿಯಾಯಿತಿಯನ್ನು ಪಡೆಯುವುದು ತಪ್ಪಲ್ಲ. ರಿಯಾಯಿತಿ ಇಲ್ಲದಿದ್ದರೂ ಕೊಡುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡರೆ ಮುಳ್ಳು ಎಲ್ಲಿದೆಯೆಂದು ತಿಳಿಯುತ್ತದೆ.

ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆ ಎನ್ನುತ್ತದೆ ಶಾಸ್ತ್ರ. ದಾತೃವಿನ ಏಳು ಗುಣಗಳಲ್ಲಿ ನಿರ್ಲೋಭತೆಯ ಜೊತೆಗೆ ವಿಜ್ಞಾನವೂ ಸೇರಿದೆ. ಇಲ್ಲಿ ವಿಜ್ಞಾನವೆಂದರೆ ಏನನ್ನು, ಯಾರಿಗೆ, ಹೇಗೆ ಕೊಡಬೇಕೆಂಬ ತಿಳಿವಳಿಕೆ. ಅನೇಕ ಸೇವಾಸಂಸ್ಥೆಗಳು ದಾನದ ಕಾರುಗಳನ್ನು ಮಧ್ಯವರ್ತಿಗಳ ಮೂಲಕ ಸಾಮಾನ್ಯ ಹರಾಜಿಗೆ ಕಳುಹಿಸುತ್ತವೆ. ಎಳೆದೊಯ್ಯುವ ಖರ್ಚು, ಮಧ್ಯವರ್ತಿಯ ಪಾಲು ಕಳೆದು ಉಳಿದದ್ದಷ್ಟೇ ಸೇವೆಗೆ ಸಲ್ಲುತ್ತದೆ. ಅಪೂರ್ವವಾದ ಕಾರು ಅಲ್ಲಿ ಗುಜರಿಯ ನಡುವೆ ನಿಂತು ಅಲ್ಪ ಬೆಲೆಗೆ ಹೋಗಬಹುದು. ಅದರ ಬೆಲೆ ಬಲ್ಲವರು ಸೇರುವ ಹರಾಜಿಗೆ ಆಮದಿನ ದಾಖಲೆಗಳು, ಒಡೆತನದ ಪತ್ರಗಳ ಸಮೇತ ಒಪ್ಪಿಸುವುದು, ಅಥವಾ ತಾನೇ ಮಾರಿ ಹಣವನ್ನು ಅರ್ಪಿಸುವುದು ವಿವೇಕದ ವಿಧಿ. ಸಂಸ್ಥೆಗೆ ಎಷ್ಟು ಪಾಲು ಸಲ್ಲುತ್ತದೆಂದು ಮೊದಲೇ ವಿಚಾರಿಸುವುದು ಸಂಶಯವಲ್ಲ; ಅದೂ ದಾನದ ಅಂಗವೇ.

ಇನ್ನು ಪಾತ್ರ. ಜೈನಧರ್ಮದಲ್ಲಿ ಉತ್ತಮ ಪಾತ್ರನಾದ ದಿಗಂಬರ ಮುನಿಗೆ ಕಾರಿನಿಂದ ಏನೂ ಆಗಬೇಕಾದ್ದಿಲ್ಲ. ಅವರು ಬರಿಗಾಲಲ್ಲಿ ವಿಹರಿಸುತ್ತಾರೆ. ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಆದ್ದರಿಂದ ಕಾರು ಕಾರಾಗಿಯೇ ಉಳಿದರೆ ದಾನ ಪೂರ್ಣವಾಗದು. ಅದು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಒಂದಾಗಿ ಮಾರ್ಪಡಬೇಕು: ಹಸಿದವನ ಊಟವಾಗಿ, ರೋಗಿಯ ಮದ್ದಾಗಿ, ವಿದ್ಯಾರ್ಥಿಯ ಪುಸ್ತಕವಾಗಿ, ಕಟುಕನ ಕತ್ತಿಯಿಂದ ಪಾರಾದ ಪಶುವಿನ ಉಸಿರಾಗಿ. ಇಂಥ ಮಾರ್ಪಾಡಿಗೆ ನಮ್ಮ ನಾಡಿನಲ್ಲೇ ಹಿರಿಯ ಮಾದರಿಯಿದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳ ಸಂಪತ್ತು ಓಲೆಗರಿಯಾಗಿ ಮನೆಮನೆಗೆ ಹೋಯಿತು.

ಕೊಟ್ಟ ವಸ್ತು ದೊಡ್ಡದಾದಷ್ಟೂ ‘ಕೊಟ್ಟವನು ನಾನು’ ಎಂಬ ಭಾವ ಬೆಳೆಯುವ ಅಪಾಯವಿದೆ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯ ಇದಕ್ಕೇ ಹೇಳಿದಂತಿದೆ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಗೊಮ್ಮಟನ ಅಡಿಯವರೆಗೆ ಇಳಿಯದ ಅಭಿಷೇಕ, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲಿನಿಂದ ಪೂರ್ಣವಾಯಿತಂತೆ. ಅಪೂರ್ವ ಕಾರಿನ ದಾನಿಯೂ ಹಳೆಯ ಸೈಕಲ್ಲನ್ನು ಬಡಹುಡುಗನಿಗೆ ಕೊಟ್ಟವನೂ ನಿಲ್ಲುವ ಸಾಲು ಒಂದೇ. ಬಿಟ್ಟ ಮಮಕಾರವೆಷ್ಟು ಎಂಬುದೇ ಅಲ್ಲಿನ ಅಳತೆ.

ಕಡೆಯ ಪರೀಕ್ಷೆ ಕಾರು ಹೋದ ಮೇಲೆ ಬರುತ್ತದೆ. ಮುಂದಿನ ವರ್ಷ ಅಂಥದೇ ಕಾರು ಇನ್ನೂ ಹೆಚ್ಚಿನ ಬೆಲೆಗೆ ಹೋದ ಸುದ್ದಿ ಕಿವಿಗೆ ಬೀಳಬಹುದು. ‘ತಡೆದಿದ್ದರೆ ಚೆನ್ನಿತ್ತು’ ಎಂದು ಮನಸ್ಸು ಕಳವಳಿಸಿದರೆ, ಕಾರು ಇನ್ನೂ ಗ್ಯಾರೇಜಿನಲ್ಲಿಯೇ ಇದೆ ಎಂದರ್ಥ. ಮಾರಿದ ಸರಕಿಗೆ ಅನ್ಯರು ಹೆಚ್ಚು ಲಾಭ ಪಡೆದುದನ್ನು ಕಂಡು ಮರುಗುವುದನ್ನೂ ವ್ಯಾಖ್ಯಾನಕಾರರು ವಿಸ್ಮಯವೆಂಬ ಅತಿಚಾರದಲ್ಲಿ ಸೇರಿಸಿದ್ದಾರೆ. ಸುದ್ದಿ ಕೇಳಿಯೂ ಶ್ರಾವಕನು ಶಾಂತವಾಗಿ ಸಂಜೆಯ ಸಾಮಾಯಿಕಕ್ಕೆ ಕುಳಿತನಾದರೆ, ಆ ದಿನ ಅವನ ದಾನ ಪೂರ್ಣವಾಯಿತು.

ನಮ್ಮಲ್ಲಿ ಅನೇಕರಿಗೆ ಜಪಾನಿನ ಕಾರಿಲ್ಲ. ಆದರೆ ಬಳಸದೆ ಕಾಯುತ್ತಿರುವ ವಸ್ತುವೊಂದು ಎಲ್ಲರ ಮನೆಯಲ್ಲೂ ಇದೆ. ಈ ವಾರ ಅದರ ಮುಂದೆ ಒಂದು ಕ್ಷಣ ನಿಂತು, ಇದು ಯಾರ ಊಟವಾಗಬಹುದು, ಯಾರ ಔಷಧವಾಗಬಹುದು ಎಂದು ಕೇಳಿಕೊಳ್ಳೋಣ.