ಮನೆಗೆ ಬಂದ ನೋಟರಿ ಅಸಲಿಯೇ? ದುಂಡನೆಯ ಸೀಲು ನೋಡಿ ನಂಬುವ ಮುನ್ನ ಇದನ್ನು ಓದಿ

'ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನವರಿಗೆ ಸಿಹಿಸುದ್ದಿ! ಅಫಿಡವಿಟ್‌ಗಾಗಿ ಕೋರ್ಟಿಗೆ ಅಲೆಯಬೇಕಿಲ್ಲ. ಆಧಾರ್ ಫೋಟೊ ವಾಟ್ಸಾಪ್ ಮಾಡಿ, ನೋಟರಿ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.'

ಇಂಥದೊಂದು ಫಾರ್ವರ್ಡ್ ನಿಮ್ಮ ಊರಿನ ಗ್ರೂಪಿಗೆ ಬಂದರೆ ಏನು ಮಾಡುತ್ತೀರಿ? ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾನೆ, ಮುತ್ಯಾ ಹಾಸಿಗೆ ಹಿಡಿದಿದ್ದಾರೆ, ತೊಗರಿ ಬೆಳೆಯುವ ನಾಲ್ಕು ಎಕರೆ ಹೊಲ ಅವರ ಹೆಸರಿನಲ್ಲಿದೆ. ಇಂಥ ಮನೆಗೆ ಈ ಸಂದೇಶ ನಿಜಕ್ಕೂ ಅನುಕೂಲ ಎನಿಸುತ್ತದೆ. ಆದರೆ ಬಾಗಿಲಿಗೆ ಬಂದವರು ಯಾರೆಂದು ತಿಳಿಯದೆ ಮುತ್ಯಾನ ಹೆಬ್ಬೆಟ್ಟು ಒತ್ತಿಸಿದರೆ ಆಗುವ ನಷ್ಟ ಸಣ್ಣದಲ್ಲ. ಹಾಗಾಗಿ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂದು ನಾವು ನೋಡಿದೆವು.

ನೋಟರಿ ಮನೆಗೆ ಬರಬಹುದೇ?

ಬರಬಹುದು. ಭಾರತದಲ್ಲಿ ನೋಟರಿಗಳ ಕೆಲಸ ನಡೆಯುವುದು 1952ರ ನೋಟರಿ ಕಾಯ್ದೆ ಮತ್ತು 1956ರ ನೋಟರಿ ನಿಯಮಗಳ ಪ್ರಕಾರ. ಶುಲ್ಕದ ಜೊತೆಗೆ ಪ್ರಯಾಣ ಭತ್ಯೆ ಪಡೆಯಲು ಈ ನಿಯಮಗಳಲ್ಲಿ ಅವಕಾಶವಿದೆ. ಅಂದರೆ ಕಚೇರಿ ಬಿಟ್ಟು ಹೊರಗೆ ಹೋಗುವುದು ತಪ್ಪಲ್ಲ.

ಆದರೆ ಎರಡು ಮಾತು ನೆನಪಿಡಿ. ಒಂದು, ನೋಟರಿಯನ್ನು ಸರ್ಕಾರ ಒಂದು ನಿರ್ದಿಷ್ಟ ಪ್ರದೇಶಕ್ಕೆ ನೇಮಿಸುತ್ತದೆ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ. ಗಡಿಯಾಚೆಗೆ ಮಾತ್ರ ನೇಮಕವಾದವರು ಈಚೆಗೆ ಬಂದು ಸೀಲು ಒತ್ತುವಂತಿಲ್ಲ. ಎರಡು, ನೋಟರಿಗಳು ಸಾಮಾನ್ಯವಾಗಿ ವಕೀಲರೇ. ವಕೀಲರು ಜಾಹೀರಾತು ಕೊಟ್ಟು, ದಲ್ಲಾಳಿಗಳನ್ನು ಬಿಟ್ಟು ಕೆಲಸ ಹುಡುಕುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಹಾಗಾಗಿ 'ನೋಟರಿ ಬೇಕೆ? ಕರೆ ಮಾಡಿ' ಎನ್ನುವ ಫಾರ್ವರ್ಡ್ ಬಂದಾಗಲೇ ಅನುಮಾನ ಪಡಬೇಕು.

ಸೀಲು ಇದ್ದರೆ ಸಾಕಲ್ಲವೇ?

ಸಾಲದು. ರಬ್ಬರ್ ಸ್ಟ್ಯಾಂಪ್ ಮಾಡಿಸುವುದು ಎಷ್ಟು ಸುಲಭ ಎಂದು ನಿಮಗೇ ಗೊತ್ತು. ಆದರೂ ಸೀಲನ್ನು ಓದಿ. ನಿಯಮದ ಪ್ರಕಾರ ಅದು 5 ಸೆಂಟಿಮೀಟರ್ ಅಗಲದ ದುಂಡನೆಯ ಸೀಲು. ಅದರಲ್ಲಿ ನೋಟರಿಯ ಹೆಸರು, ಅವರ ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಮತ್ತು 'ನೋಟರಿ' ಎಂಬ ಪದ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೆಲಸ ನಿಲ್ಲಿಸಿ.

ಕಪ್ಪು ಕೋಟು ಮತ್ತು ವಕೀಲರ ಗುರುತಿನ ಚೀಟಿ ಕೂಡ ಪೂರ್ತಿ ಪುರಾವೆಯಲ್ಲ. ಅವರು ವಕೀಲರು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಎಲ್ಲ ವಕೀಲರೂ ನೋಟರಿಗಳಲ್ಲ. ನೋಟರಿಯಾಗಲು ಸಾಮಾನ್ಯವಾಗಿ ಕನಿಷ್ಠ 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಇದು 7 ವರ್ಷ. ಯೂಟ್ಯೂಬಿನಲ್ಲಿ ಕಾಣುವ ಅಮೆರಿಕದ 'ಮೊಬೈಲ್ ನೋಟರಿ' ವಿಡಿಯೊ ನೋಡಿ ಗೊಂದಲಕ್ಕೆ ಬೀಳಬೇಡಿ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನೋಟರಿಯಾಗಲು ವಕೀಲರೇ ಆಗಿರಬೇಕಿಲ್ಲ. ನಮ್ಮಲ್ಲಿ ಹಾಗಲ್ಲ.

ಹಾಗಾದರೆ ಏನು ಕೇಳಬೇಕು?

* ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಕೇಳಿ. ಇದು ಸರ್ಕಾರ ಕೊಡುವ ಪತ್ರ. 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದಿದೆಯೇ ನೋಡಿ.
* ಅದರಲ್ಲಿರುವ ಹೆಸರು, ಪ್ರದೇಶ, ಸಂಖ್ಯೆ ಸೀಲಿನ ಜೊತೆ ತಾಳೆಯಾಗಬೇಕು.
* ರಿಜಿಸ್ಟರ್ ಎಲ್ಲಿದೆ ಎಂದು ಕೇಳಿ. ನೋಟರಿ ಪ್ರತಿ ಕೆಲಸವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು, ಅಲ್ಲಿ ನಿಮ್ಮ ಸಹಿಯೂ ಆಗಬೇಕು.
* ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಕೊಡುವುದು ಅವರ ಕರ್ತವ್ಯ.

ಮನೆಗೆ ಬರುವ ಮೊದಲೇ ಹೆಸರು, ಸಂಖ್ಯೆ ಪಡೆದುಕೊಂಡು ತಾಲ್ಲೂಕು ಕೋರ್ಟಿನ ವಕೀಲರ ಸಂಘದಲ್ಲಿ ವಿಚಾರಿಸಿದರೆ ಇನ್ನೂ ಒಳ್ಳೆಯದು. ಪ್ರತಿ ವರ್ಷ ಜನವರಿಯಲ್ಲಿ ನೋಟರಿಗಳ ಪಟ್ಟಿಯನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು ಎಂದೂ ಕಾಯ್ದೆ ಹೇಳುತ್ತದೆ.

ಹೀಗೆ ಕೇಳಿದರೆ ಅವಮಾನವಾದೀತೇ ಎಂಬ ಅಂಜಿಕೆ ಬೇಡ. 'ವಕೀಲ್ರೀ, ನಿಮ್ಮ ನೋಟರಿ ಸರ್ಟಿಫಿಕೇಟ್ ಒಮ್ಮಿ ತೋರಸ್ರಿ, ನಂಬರ್ ಬರಕೋತೀವಿ' ಎಂದರೆ ಸಾಕು. ಅಸಲಿ ನೋಟರಿ ನಿಮ್ಮ ಆಧಾರ್ ಕೇಳುತ್ತಾರೆ, ನೀವು ಅವರ ಸರ್ಟಿಫಿಕೇಟ್ ಕೇಳುತ್ತೀರಿ. ಲೆಕ್ಕ ಸಮ.

ಈ ನಾಲ್ಕು ಕಂಡರೆ ಹುಷಾರ್

ಖಾಲಿ ಹಾಳೆಗೆ ಅಥವಾ ಖಾಲಿ ಬಾಂಡ್ ಪೇಪರಿಗೆ ಸಹಿ ಕೇಳುವುದು. ಸಹಿ ಮಾಡಬೇಕಾದವರನ್ನು ನೋಡದೆ, ಫೋಟೊ ಮೇಲೆಯೇ ಸೀಲು ಒತ್ತಿಕೊಡುವುದು. ಬರೆದಿದ್ದನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವುದು. ಬೆರಳಚ್ಚು ಯಂತ್ರದ ಮೇಲೆ ಬೆರಳಿಡಿ ಎನ್ನುವುದು. ಅಫಿಡವಿಟ್ ದೃಢೀಕರಣಕ್ಕೆ ಆ ಯಂತ್ರ ಬೇಕಿಲ್ಲ. ಆಧಾರ್ ಜೋಡಿಸಿದ ಖಾತೆಯಿಂದ ಹಣ ತೆಗೆಯಲು ಅದೇ ಬೆರಳಚ್ಚು ಸಾಕಾಗುತ್ತದೆ ಎಂಬುದನ್ನು ಮರೆಯಬೇಡಿ. ಆಧಾರ್ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ಮೊದಲು ಕೇಳಿ. ಯಾವ ಕೆಲಸಕ್ಕೆ ಕೊಟ್ಟಿದ್ದು ಎಂದು ಅದರ ಮೇಲೆಯೇ ಬರೆಯಿರಿ.

ಅಸಲಿ ನೋಟರಿಯೂ ಮಾಡಲಾಗದ ಕೆಲಸ

'ನೋಟರಿ ಮಾಡಿಸಿದರೆ ಹೊಲ ನಮ್ಮ ಹೆಸರಿಗೆ ಆಗುತ್ತದೆ' ಎಂಬ ನಂಬಿಕೆ ತಪ್ಪು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಮೀನನ್ನು ಕ್ರಯ ಮಾಡಿಕೊಡಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಹಾಸಿಗೆ ಹಿಡಿದವರಿದ್ದರೆ ಆ ಅಧಿಕಾರಿಯೇ ಮನೆಗೆ ಬರುವಂತೆ ಕೋರಲು 1908ರ ನೋಂದಣಿ ಕಾಯ್ದೆಯಲ್ಲಿ ದಾರಿ ಇದೆ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಸ್ಪಷ್ಟಪಡಿಸಿದೆ.

ಮೋಸ ಆಗಿದ್ದರೆ?

ನೋಟರಿ ಅಲ್ಲದವರು ನೋಟರಿ ಎಂದು ಹೇಳಿಕೊಂಡರೆ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಜೈಲು, ದಂಡ ಅಥವಾ ಎರಡೂ ಆಗಬಹುದು. ಕಾಗದದ ಫೋಟೊ, ಫೋನ್ ನಂಬರ್, ಹಣ ಕಳಿಸಿದ ವಿವರ ಇಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಸಲಿ ನೋಟರಿಯೇ ತಪ್ಪು ಮಾಡಿದ್ದರೆ ಅವರನ್ನು ನೇಮಿಸಿದ ಸರ್ಕಾರಕ್ಕೆ ದೂರು ಕೊಡಬಹುದು.

ನಮ್ಮ ತೀರ್ಮಾನ: ಅರ್ಧ ಸತ್ಯ

ನೋಟರಿ ಮನೆಗೆ ಬರಬಹುದು ಎಂಬುದು ನಿಜ. ಆಧಾರ್ ಫೋಟೊ ಕಳಿಸಿದರೆ ಸಾಕು, ಸೀಲು ಇದ್ದವರೆಲ್ಲ ನೋಟರಿಗಳು ಎಂಬುದು ಸುಳ್ಳು. ಆ ಫಾರ್ವರ್ಡ್ ಮುಂದೆ ಕಳಿಸುವ ಬದಲು, ಊರಿನಲ್ಲಿ ಮನೆ ಕಾಯುತ್ತಿರುವ ಹಿರಿಯರಿಗೆ ಫೋನ್ ಮಾಡಿ ಒಂದು ಮಾತು ಹೇಳಿ: ಸರ್ಟಿಫಿಕೇಟ್ ನೋಡದೆ, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.