ಎರಡಿಂಚು ನೀರಿನ ಕಾವಲು

ತುರುವೇಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ ಊಟ. ಮೊದಲ ಪಂಕ್ತಿ ಎದ್ದು ಕೈ ತೊಳೆಯಲು ನುಗ್ಗಿತು. ಸಾಲಾಗಿದ್ದ ಹತ್ತೂ ನಲ್ಲಿಗಳು ಒಟ್ಟಿಗೇ ಹರಿದವು. ಕೊನೆಯ ಬೇಸಿನ್ ಒಮ್ಮೆ ‘ಗೊಳಕ್’ ಎಂದಿತು. ಐದು ನಿಮಿಷದಲ್ಲಿ ಒಬ್ಬಟ್ಟಿನ ಘಮವನ್ನೂ ಮೀರಿಸುವ ಚರಂಡಿ ವಾಸನೆ. ಹುಡುಗನೊಬ್ಬ ಓಡಿಬಂದು ಫಿನಾಯಿಲ್ ಸುರಿದ. ಎರಡನೇ ಪಂಕ್ತಿ ಎದ್ದಾಗ ಮತ್ತೆ ಗೊಳಕ್, ಮತ್ತೆ ವಾಸನೆ.

ಮಾರನೇ ದಿನ ಬಂದ ಪ್ಲಂಬರ್ ಫಿನಾಯಿಲ್ ಬಾಟಲಿಯತ್ತ ತಿರುಗಿಯೂ ನೋಡಲಿಲ್ಲ. “ಎಲ್ಲಾ ನಲ್ಲಿ ಒಟ್ಟಿಗೆ ಬಿಡ್ಸಿ ಯಜಮಾನ್ರೇ” ಅಂದು ಕೊನೆಯ ಬೇಸಿನ್ನಿಗೆ ಕಿವಿಗೊಟ್ಟು ನಿಂತರು. ಸದ್ದು ಕೇಳಿದ್ದೇ, “ಟೆರೇಸಿಗೆ ದಾರಿ ಯಾವ್ ಕಡೆ?” ಅಂದರು. ವಾಸನೆ ಬರುತ್ತಿರುವುದು ಕೆಳಗಿನಿಂದ, ಇವರು ಮೇಲಕ್ಕೆ ಹತ್ತುತ್ತಿದ್ದಾರಲ್ಲ ಎಂದು ನನಗೂ ಅನ್ನಿಸಿತು.

ಪ್ರತಿ ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆಯಲ್ಲೂ, ಅಂದರೆ ಟ್ರ್ಯಾಪಿನಲ್ಲೂ, ಬಚ್ಚಲಿನ ನೆಲದ ಪ್ರತಿ ನಾನಿ ಟ್ರ್ಯಾಪಿನಲ್ಲೂ ಒಂದಿಷ್ಟು ನೀರು ಸದಾ ನಿಂತಿರುತ್ತದೆ. ಮೇಲಿನಿಂದ ಬಂದ ನೀರಿಗೆ ಅದು ದಾರಿ ಬಿಡುತ್ತದೆ, ಕೆಳಗಿನಿಂದ ಏರುವ ಗಾಳಿಗೆ ಬಿಡುವುದಿಲ್ಲ. ಶೌಚಾಲಯಕ್ಕೆ ಇಂಥ ಬಾಗಿದ ಕೊಳವೆಯನ್ನು ಜೋಡಿಸಿ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕ. ಗಡಿಯಾರದವನು ಮಾಡಿದರೂ ಇದರಲ್ಲಿ ಒಂದು ಚಕ್ರವಿಲ್ಲ, ಸ್ಪ್ರಿಂಗಿಲ್ಲ. ಹೀಗೆ ನಿಲ್ಲುವ ನೀರಿನ ಆಳ 50 ಮಿಲಿಮೀಟರ್, ಅಂದರೆ ಎರಡಿಂಚು ಇರಬೇಕೆಂಬುದು ವಾಡಿಕೆಯ ನಿಯಮ.

ಎರಡಿಂಚು ನೀರು ತಡೆಯಬಲ್ಲ ಒತ್ತಡ ಬಹಳ ಕಡಿಮೆ. ವಾತಾವರಣದ ಒತ್ತಡದ ಇನ್ನೂರರಲ್ಲಿ ಒಂದು ಪಾಲು ಅಷ್ಟೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆಯುವಾಗ ನಾವು ಮಾಡುವುದೇನು? ಬಾಯೊಳಗೆ ಗಾಳಿಯ ಒತ್ತಡ ತಗ್ಗಿಸುತ್ತೇವೆ, ಹೊರಗಿನ ಗಾಳಿ ಎಳನೀರನ್ನು ಮೇಲಕ್ಕೆ ದಬ್ಬುತ್ತದೆ. ಹತ್ತು ಬೇಸಿನ್ನುಗಳ ನೀರು ಒಂದೇ ಪೈಪನ್ನು ತುಂಬಿಕೊಂಡು ಇಳಿಯುವಾಗಲೂ ಅದೇ ಆಗುತ್ತದೆ. ಇಳಿಯುವ ನೀರಿನ ಬೆನ್ನ ಹಿಂದೆ ಒತ್ತಡ ತಗ್ಗುತ್ತದೆ, ಪೈಪು ಯಾವುದಾದರೂ ಬಾಯಿಂದ ಗಾಳಿ ಎಳೆದುಕೊಳ್ಳಲು ನೋಡುತ್ತದೆ. ಬೇರೆ ಬಾಯಿ ಸಿಗದಿದ್ದರೆ ಕೊನೆಯ ಬೇಸಿನ್ನಿನ ಎರಡಿಂಚು ನೀರನ್ನೇ ಹೀರಿ ದಾರಿ ಮಾಡಿಕೊಳ್ಳುತ್ತದೆ. ಗೊಳಕ್ ಎಂದದ್ದು ಅದೇ.

ಆ ‘ಬೇರೆ ಬಾಯಿ’ಯೇ ವೆಂಟ್ ಪೈಪು. ಟೆರೇಸಿನ ಮೇಲೆ ಆಕಾಶಕ್ಕೆ ಬಾಯಿ ತೆರೆದು ನಿಲ್ಲಬೇಕಾದದ್ದು. ಹತ್ತಿ ನೋಡಿದರೆ ಅದರ ಬಾಯಿಗೆ ಅಳತೆ ಕೊಟ್ಟು ಮಾಡಿಸಿದಂತೆ ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿತ್ತು. “ಅಳಿಲು ಬೀಳುತ್ತೆ ಅಂತ ನಾವೇ ಮುಚ್ಚಿದ್ದು” ಎಂದರು ಯಜಮಾನರು. ಚಿಪ್ಪು ತೆಗೆದು ಜಾಲರಿಯ ಟೋಪಿ ಕೂರಿಸಿದ ಮೇಲೆ ಗೊಳಕ್ ನಿಂತಿತು. ಬಿಲ್ಲಿನಲ್ಲಿ ಈ ಕೆಲಸಕ್ಕೆ ಏನೆಂದು ಬರೆದರೋ ಕಾಣೆ.

ವಾಸನೆಯಷ್ಟೇ ಆದರೆ ಊದುಬತ್ತಿ ಹಚ್ಚಿ ಸುಮ್ಮನಾಗಬಹುದಿತ್ತು. 2003ರಲ್ಲಿ ಹಾಂಕಾಂಗಿನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ತನಿಖೆ ನಡೆಸಿದವರ ಬೆರಳು ತೋರಿದ್ದು ಬಚ್ಚಲುಗಳಲ್ಲಿ ಒಣಗಿಹೋಗಿದ್ದ ಟ್ರ್ಯಾಪುಗಳತ್ತ. ನಮ್ಮ ಮಂಟಪಗಳಿಗೂ ಒಣಗುವ ಕಾಲವಿದೆ: ಧನುರ್ಮಾಸ. ಮದುವೆಯಿಲ್ಲದ ಆ ತಿಂಗಳಿಡೀ ಬೀಗ ಹಾಕಿದ ಬಚ್ಚಲಿನಲ್ಲಿ ಎರಡಿಂಚು ನೀರು ಆರುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಚೊಂಬು ನೀರು ಸುರಿದರೆ ಸಾಕು.

ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಪ್ಲಂಬಿಂಗಿನ ವಿಷಯ ಇರುವುದು 9ನೇ ಭಾಗದಲ್ಲಿ. ಅಂಗಡಿ, ಹೋಟೆಲು ನಡೆಸುವವರು ಅದನ್ನು ಓದುತ್ತಾ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಓದಿದ, ಇಲ್ಲವೇ ಓದಿದವರ ಕೈಕೆಳಗೆ ಪಳಗಿದ ಪ್ಲಂಬರ್ ಸಿಕ್ಕರೆ ಸಾಕು. ಮನೆಯಲ್ಲಿ ನಾಲ್ವರು ನಾಲ್ಕು ಹೊತ್ತಿಗೆ ನಲ್ಲಿ ತಿರುಗಿಸುತ್ತಾರೆ, ತಪ್ಪು ಜೋಡಣೆಯೂ ವರ್ಷಗಟ್ಟಲೆ ನಡೆದುಹೋಗುತ್ತದೆ. ವ್ಯಾಪಾರದ ಜಾಗದಲ್ಲಿ ಇನ್ನೂರು ಜನ ಒಂದೇ ಗಳಿಗೆಯಲ್ಲಿ ಬರುತ್ತಾರೆ. ಹೋಟೆಲಿಗೆ ಒಂದು ಸೀಟಿಗೆ ದಿನಕ್ಕೆ 70 ಲೀಟರ್ ನೀರು ಎಂಬುದು ಮಾನಕದ ಲೆಕ್ಕ. ನಲವತ್ತು ಸೀಟಿನ ಪುಟ್ಟ ಹೋಟೆಲಿಗೂ 2,800 ಲೀಟರ್ ಆಯಿತು. ಬಂದಷ್ಟೂ ನೀರು ಹೆಚ್ಚುಕಡಿಮೆ ಹೊರಗೂ ಹೋಗಬೇಕು.

ಹೊರಗೆ ಹೋಗುವಲ್ಲಿ ನಮ್ಮ ಸೀಮೆಗೆ ತನ್ನದೇ ಒಂದು ತೊಡಕಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹೋಟೆಲುಗಳಲ್ಲಿ ಕಾಯಿಗೆ ಬರವೇ? ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಮೂರನೇ ಒಂದು ಪಾಲು ಜಿಡ್ಡು. ಚಟ್ನಿ ರುಬ್ಬಿದ ಗ್ರೈಂಡರ್ ತೊಳೆದ ನೀರಲ್ಲಿ ಅದೂ ಇಳಿಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ ಎಂಬುದನ್ನು ಚಳಿಗಾಲದ ಬೆಳಿಗ್ಗೆ ಬಾಟಲಿ ಬಿಸಿಲಿಗಿಟ್ಟವರಿಗೆ ಹೇಳಬೇಕಿಲ್ಲ. ನೆಲದಡಿಯ ಪೈಪಿನಲ್ಲೂ ಅದೇ ಕಥೆ. ಸಾಲದ್ದಕ್ಕೆ, ಪೈಪಿನೊಳಗೆ ಜಿಡ್ಡು ಒಡೆದು ಹುಟ್ಟುವ ಕೊಬ್ಬಿನಾಮ್ಲ ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಸೋಪಾಗುತ್ತದೆ. ಬೋರ್ ನೀರಿನಲ್ಲಿ ನೊರೆಯ ಬದಲು ಬರುವ ಬಿಳಿ ಗಸಿಯ ಸಂಬಂಧಿ ಇದು. ಪದರ ಪದರವಾಗಿ ಕೂತು ಕಲ್ಲಾಗುತ್ತದೆ.

ಬಿಸಿನೀರು ಸುರಿದರೆ ಜಿಡ್ಡು ಕರಗಿ ಮುಂದೆ ಹೋಗಿ, ಕೈಗೆ ಸಿಗದ ಕಡೆ ಮತ್ತೆ ಗಟ್ಟಿಯಾಗುತ್ತದೆ. ಸರಿಯಾದ ದಾರಿ ಗ್ರೀಸ್ ಟ್ರ್ಯಾಪ್: ನೀರು ನಿಧಾನಿಸಿ ತಣಿಯುವ ತೊಟ್ಟಿ. ಹಗುರವಾದ ಜಿಡ್ಡು ಮೇಲೆ ತೇಲುತ್ತದೆ, ನೀರು ಅಡ್ಡಗೋಡೆಯ ಕೆಳಗಿನಿಂದ ನುಸುಳಿ ಹೊರಗೆ ಹೋಗುತ್ತದೆ. ಮುಚ್ಚಳ ತೆಗೆದು ಜಿಡ್ಡು ಬಳಿಯುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಅದೂ ದಂಡ.

ಆ ದಿನ ಹೊರಡುವ ಮುಂಚೆ ಪ್ಲಂಬರ್ ಅಡುಗೆಮನೆಯ ಹಿಂದೆ ನಿಂತುಬಿಟ್ಟರು. ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿ ಪಾತ್ರೆ ನೆನೆಹಾಕಿದ ಡ್ರಮ್ಮಿನಲ್ಲಿ ಮುಳುಗಿತ್ತು. ನಲ್ಲಿ ತೆರೆದಿರುವಾಗ ಲೈನಿನಲ್ಲಿ ನೀರು ಖಾಲಿಯಾಗಿ ಒತ್ತಡ ತಗ್ಗಿದರೆ ಮತ್ತದೇ ಎಳನೀರಿನ ಸ್ಟ್ರಾ: ಡ್ರಮ್ಮಿನ ಎಂಜಲು ನೀರು ಕುಡಿಯುವ ನೀರಿನ ಲೈನಿಗೆ ಏರುತ್ತದೆ. ನಲ್ಲಿಯ ಬಾಯಿ ತೊಟ್ಟಿಯ ಅಂಚಿಗಿಂತ ಮೇಲಿರಬೇಕು ಎಂಬ ನಿಯಮ ಇರುವುದೇ ಇದಕ್ಕೆ.

“ಒಂದು ಮೊಳ ಹುರಿ ಇದ್ರೆ ಕೊಡಿ” ಅಂದರು. ತೆಂಗಿನ ನಾರಿನ ಹುರಿಗೆ ಅಲ್ಲಿ ಕೊರತೆಯಿರಲಿಲ್ಲ. ಪೈಪನ್ನು ಮೇಲೆತ್ತಿ, ಡ್ರಮ್ಮಿನ ಅಂಚಿನಿಂದ ಗೇಣುದ್ದ ಮೇಲೆ ಕಿಟಕಿಯ ಸರಳಿಗೆ ಕಟ್ಟಿ, ಕೈ ತೊಳೆದುಕೊಂಡು ಗಾಡಿ ಹತ್ತಿದರು.