ಡಂಜನ್ ಮಾಸ್ಟರ್ಸ್ ಗೈಡ್: ಯಾವ ಆವೃತ್ತಿ ಓದಬೇಕು?

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ, ‘ಬಾಲ್ಡರ್ಸ್ ಗೇಟ್ 3’ ಆಡಿದವರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರು ಹೊಸದೇನಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸ್ತಾರೆ. ಒಬ್ಬರು ಮಾತ್ರ ಉಳಿದದ್ದೆಲ್ಲಾ ಆಗಬೇಕು: ಊರು, ಕಾಡು, ರಾಕ್ಷಸ, ಛತ್ರದ ಯಜಮಾನ, ಜೊತೆಗೆ ಅಂಪೈರ್ ಕೂಡ. ಅವರೇ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಆಡೋಕೆ ಎಲ್ಲರೂ ರೆಡಿ, ಡಿಎಂ ಆಗು ಅಂದ್ರೆ ಎಲ್ಲರಿಗೂ ನಾಳೆ ಅಸೈನ್‌ಮೆಂಟ್ ಇರುತ್ತೆ. ಕೊನೆಗೆ ಸಿಕ್ಕಿಬೀಳುವ ಆ ಒಬ್ಬರಿಗಾಗಿಯೇ ಇರುವ ಪುಸ್ತಕ ‘ಡಂಜನ್ ಮಾಸ್ಟರ್ಸ್ ಗೈಡ್’. 1979ರಿಂದ ಇದನ್ನು ಹಲವು ಸಲ ಪೂರ್ತಿ ಹೊಸದಾಗಿ ಬರೆದಿದ್ದಾರೆ. ನಿಯಮಗಳು ಬದಲಾಗಿದ್ದು ಒಂದು ಕಡೆ ಇರಲಿ, ಡಿಎಂ ಅಂದ್ರೆ ಯಾರು ಅನ್ನೋ ಕಲ್ಪನೆಯೇ ಪ್ರತಿ ಸಲ ಬದಲಾಗಿದೆ. ಹೊಸಬರು ಯಾವುದನ್ನು ಓದಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಗೋದು ಅಲ್ಲೇ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವನ್ನು ಅಮೆರಿಕದ ಟಿಎಸ್‌ಆರ್ ಕಂಪನಿ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ತಂದಿತ್ತು. 1979ರ ಗೈಡ್ ಬರೆದದ್ದು ಗೈಗ್ಯಾಕ್ಸ್ ಒಬ್ಬರೇ. ಅದರಲ್ಲಿ ಡಿಎಂ ಅಂದ್ರೆ ಗುಟ್ಟು ಕಾಯುವ ನ್ಯಾಯಾಧೀಶ. ಯಾರಿಗೆ ಎಷ್ಟು ಬಿದ್ದರೆ ಏಟು ತಗಲುತ್ತೆ ಅನ್ನೋ ಕೋಷ್ಟಕ ಆಟಗಾರರ ಪುಸ್ತಕದಲ್ಲಿ ಇರಲೇ ಇಲ್ಲ, ಇದ್ದದ್ದು ಇಲ್ಲಿ ಮಾತ್ರ. ನೀವು ದಾಳ ಉರುಳಿಸ್ತೀರಿ, ಡಿಎಂ ಪರದೆ ಹಿಂದೆ ಕೋಷ್ಟಕ ನೋಡಿ ‘ತಗಲಿತು’ ಅಥವಾ ‘ತಗಲಲಿಲ್ಲ’ ಅಂತಾರೆ, ಅಷ್ಟೇ. ಆಟಗಾರರು ಈ ಪುಸ್ತಕ ಓದೋದೇ ಅಪರಾಧ ಅನ್ನೋ ಧಾಟಿ ಮುನ್ನುಡಿಯಲ್ಲೇ ಇದೆ.

ಪುಸ್ತಕದ ಜೋಡಣೆ ಮಾತ್ರ ದೇವರಿಗೇ ಪ್ರೀತಿ. ಒಂದು ಪುಟದಲ್ಲಿ ರೋಗಗಳ ಕೋಷ್ಟಕ, ಇನ್ನೊಂದರಲ್ಲಿ ರತ್ನಗಳ ಬೆಲೆ, ಮತ್ತೊಂದರಲ್ಲಿ ಸರ್ಕಾರಗಳ ಬಗೆಗಳು. ಆದರೆ ಶುರುವಿನಲ್ಲೇ ಸಂಭವನೀಯತೆಯ ಒಂದು ಪುಟ್ಟ ಪಾಠ ಇದೆ. 20 ಮುಖದ ಒಂದು ದಾಳದಲ್ಲಿ ಎಲ್ಲ ಸಂಖ್ಯೆಗಳಿಗೂ ಸಮಾನ ಅವಕಾಶ, ತಲಾ 5%. ಮೂರು ಮಾಮೂಲಿ ದಾಳ ಸೇರಿಸಿ ಎಸೆದರೆ ಗಂಟೆಯಾಕಾರದ ವಕ್ರರೇಖೆ: 10, 11 ಪದೇ ಪದೇ ಬೀಳುತ್ತೆ, 18 ಬೀಳೋದು 216ರಲ್ಲಿ ಒಂದೇ ಸಲ. ಎಂ3 ಪಠ್ಯಪುಸ್ತಕಕ್ಕಿಂತ ಇಲ್ಲಿ ಬೇಗ ಅರ್ಥ ಆಗುತ್ತೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ, ಅನುಭವದ ಅಂಕ. ಆಗ ಗುಹೆಯಿಂದ ಹೊರತಂದ ಒಂದು ಚಿನ್ನದ ನಾಣ್ಯಕ್ಕೆ ಸುಮಾರಾಗಿ ಒಂದು ಅಂಕ ಸಿಗುತ್ತಿತ್ತು, ರಾಕ್ಷಸನನ್ನು ಕೊಂದರೆ ಸಿಗುತ್ತಿದ್ದುದು ಅದಕ್ಕೆ ಹೋಲಿಸಿದರೆ ಚಿಲ್ಲರೆ. ಹಾಗಾಗಿ ಜಾಣರು ಜಗಳವನ್ನೇ ತಪ್ಪಿಸಿ, ಮೆಲ್ಲಗೆ ನುಗ್ಗಿ, ಗಂಟು ಹೊತ್ತು ಓಡುತ್ತಿದ್ದರು. ಇಂಟರ್ನಲ್ಸ್‌ನಲ್ಲಿ ಯಾವುದಕ್ಕೆ ಮಾರ್ಕ್ಸ್ ಇದೆಯೋ ಅದನ್ನೇ ನಾವು ಓದ್ತೀವಲ್ಲ, ಹಾಗೆ. 1989ರ ಎರಡನೇ ಆವೃತ್ತಿಯಲ್ಲಿ ಡೇವಿಡ್ ‘ಜೆಬ್’ ಕುಕ್ ಚಿನ್ನದ ಅಂಕವನ್ನು ಐಚ್ಛಿಕ ಮಾಡಿ, ಕಥೆಯ ಗುರಿ ಮುಟ್ಟಿದ್ದಕ್ಕೆ ಅಂಕ ಕೊಡಿ ಅಂದರು. ಹೊಡೆದಾಟದ ಲೆಕ್ಕವೂ ಆಟಗಾರರ ಪುಸ್ತಕಕ್ಕೆ ಹೋಯಿತು. ಕಳ್ಳರ ಆಟ ವೀರರ ಆಟ ಆಯಿತು, ಗೈಡ್ ಮಾತ್ರ ತೆಳ್ಳಗಾಯಿತು.

1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. 2000ದ ಮೂರನೇ ಆವೃತ್ತಿ, 2003ರ ಅದರ ಪರಿಷ್ಕರಣೆ, ಎರಡೂ ಲೆಕ್ಕಿಗರ ಪುಸ್ತಕಗಳು. ಪ್ರತಿ ರಾಕ್ಷಸನಿಗೂ ಒಂದು ಸವಾಲಿನ ಅಂಕಿ ಬಂತು. ಆ ಅಂಕಿ ನಾಲ್ಕು ಜನರ ತಂಡದ ಮಟ್ಟಕ್ಕೆ ಸಮ ಇದ್ದರೆ, ಆ ಕಾಳಗ ತಂಡದ ಶಕ್ತಿಯಲ್ಲಿ ಸುಮಾರು 20% ತಿನ್ನಬೇಕು ಅಂತ ಅಂದಾಜು. ಒಳ್ಳೇ ಯೋಚನೆ. ಆದರೆ ಓದೋಕೆ ಡೇಟಾಶೀಟ್ ಥರ.

2008ರ ನಾಲ್ಕನೇ ಆವೃತ್ತಿಯನ್ನು ಹಳಬರಲ್ಲಿ ಬಹಳ ಮಂದಿ ಬೈದರು, ಆಟ ವಿಡಿಯೋ ಗೇಮ್ ಆಗಿಹೋಯ್ತು ಅಂತ. ಆ ಜಗಳ ಏನೇ ಇರಲಿ, ಜೇಮ್ಸ್ ವ್ಯಾಟ್ ಬರೆದ ಅದರ ಗೈಡ್ ಇಡೀ ಸಾಲಿನಲ್ಲೇ ಅತ್ಯುತ್ತಮ ಪಠ್ಯ ಅಂತ ನಾನು ವಾದ ಮಾಡ್ತೀನಿ. ಅದು ಶುರುವಾಗೋದು ದೇವರುಗಳಿಂದಲ್ಲ, ನಿಮ್ಮೆದುರು ಕೂತ ಮನುಷ್ಯರಿಂದ. ಒಬ್ಬನಿಗೆ ನಟನೆ ಇಷ್ಟ, ಇನ್ನೊಬ್ಬಳಿಗೆ ಒಗಟು ಬಿಡಿಸೋದು, ಮತ್ತೊಬ್ಬನಿಗೆ ಸುಮ್ಮನೆ ಏನಾದರೂ ಕಿತಾಪತಿ ಮಾಡಿ ಏನಾಗುತ್ತೆ ನೋಡೋದು. ಸ್ನೇಹಿತರು ಬಂದರು ಅಂತ ಬಂದು ಮೂಲೆಯಲ್ಲಿ ಕೂತು ನೋಡುವವರೂ ಪಟ್ಟಿಯಲ್ಲಿ ಇದ್ದಾರೆ. ಅವರನ್ನೂ ಆಟಗಾರರೆಂದೇ ಎಣಿಸಿದ್ದು ನನಗೆ ತುಂಬಾ ಹಿಡಿಸಿತು.

ಅದರ 42ನೇ ಪುಟ ಅಂತೂ ಪ್ರಸಿದ್ಧ. ನಿಯಮದಲ್ಲಿ ಇಲ್ಲದ್ದನ್ನು ಆಟಗಾರ ಮಾಡ್ತೀನಿ ಅಂದ್ರೆ ಏನು ಮಾಡಬೇಕು? ತೂಗುದೀಪ ಹಿಡಿದು ಜೀಕಿ, ದೈತ್ಯನನ್ನು ಅಗ್ಗಿಷ್ಟಿಕೆಗೆ ಒದೀತೀನಿ ಅಂತಾಳೆ ಅನ್ನೋದು ಪುಸ್ತಕದ್ದೇ ಉದಾಹರಣೆ. ಬೇಡ ಅನ್ನಬೇಡಿ, ಪಾತ್ರದ ಮಟ್ಟಕ್ಕೆ ತಕ್ಕ ಕಷ್ಟದ ಸಂಖ್ಯೆ ಇಷ್ಟು, ಹಾನಿ ಇಷ್ಟು, ದಾಳ ಉರುಳಿಸಿ ಅಂತ ಒಂದೇ ಕೋಷ್ಟಕದಲ್ಲಿ ಹೇಳಿಬಿಡುತ್ತೆ. ಪುಸ್ತಕ ಬಂದ ಕೆಲವೇ ದಿನಕ್ಕೆ ಕಂಪನಿ ಅದರ ಅಂಕಿಗಳನ್ನು ತಿದ್ದಬೇಕಾಯಿತು ನಿಜ. ಆದರೂ ಹೊಸ ಡಿಎಂಗೆ ಬೇಕಾದ ಧೈರ್ಯವನ್ನು ಒಂದೇ ಪುಟದಲ್ಲಿ ಕೊಟ್ಟ ಪುಸ್ತಕ ಇನ್ನೊಂದಿಲ್ಲ.

2014ರ ಐದನೇ ಆವೃತ್ತಿಯಿಂದ ಆಟ ಮತ್ತೆ ಜನಪ್ರಿಯ ಆಯಿತು, ಗೈಡ್ ಮಾತ್ರ ತಲೆಕೆಳಗು. ಮೊದಲ ಅಧ್ಯಾಯದಲ್ಲೇ ಸ್ವಂತ ಜಗತ್ತು ಕಟ್ಟಿ, ಎರಡನೆಯದರಲ್ಲಿ ಬ್ರಹ್ಮಾಂಡಗಳನ್ನು ಕಟ್ಟಿ ಅನ್ನುತ್ತೆ. ಮೇಜಿನ ಮುಂದೆ ಕೂತು ಆಟ ನಡೆಸೋದು ಹೇಗೆ ಅನ್ನೋದು ಒಂಬತ್ತು ಅಧ್ಯಾಯಗಳಲ್ಲಿ ಎಂಟನೆಯದು. ಕಂಪೈಲರ್ ಬರೆದು ಮುಗಿಸಿದ ಮೇಲೆ ‘ಹಲೋ ವರ್ಲ್ಡ್’ ಕಲಿಸಿದ ಹಾಗೆ. 2024ರ ಗೈಡ್ ಇದನ್ನು ಸರಿಮಾಡಿದೆ. ಎರಡನೇ ಅಧ್ಯಾಯದಲ್ಲೇ ಆಟ ನಡೆಸೋದು, ಗುಂಪಿನಲ್ಲಿ ಯಾರಿಗೆ ಯಾವ ವಿಷಯ ಬೇಡ ಅಂತ ಮೊದಲೇ ಮಾತಾಡಿಕೊಳ್ಳೋದು, ಮುಂದೆ ಪುಟ್ಟ ಪುಟ್ಟ ಸಿದ್ಧ ಸಾಹಸಗಳು, ಮಾದರಿ ಜಗತ್ತಾಗಿ ಗೈಗ್ಯಾಕ್ಸ್ ಅವರದೇ ಗ್ರೇಹಾಕ್. ಇಲ್ಲಿ ಡಿಎಂ ಅಂದ್ರೆ ಮನೆಗೆ ಬಂದವರನ್ನು ನೋಡಿಕೊಳ್ಳುವ ಆತಿಥೇಯ.

ಆದರೆ ಒಂದು ಕಡೆ ಹುಷಾರಾಗಿರಬೇಕು. ಒಂದನೇ ಮಟ್ಟದ ನಾಲ್ಕು ಜನರ ಎದುರು ನಾಲ್ಕು ಗಾಬ್ಲಿನ್ ನಿಲ್ಲಿಸಿ ನೋಡಿ. ಗಾಬ್ಲಿನ್‌ಗೆ 50ರಂತೆ ಒಟ್ಟು 200. 2014ರ ಲೆಕ್ಕದಲ್ಲಿ ಮೂರರಿಂದ ಆರು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು, ಯಾಕಂದ್ರೆ ಹೆಚ್ಚು ತಲೆ ಅಂದ್ರೆ ಹೆಚ್ಚು ಏಟು. 400 ಆಯಿತು, ಅದು ‘ಮಾರಕ’ ಗುಂಪಿಗೆ ಸೇರುತ್ತೆ. 2024ರಲ್ಲಿ ಗುಣಕವನ್ನೇ ತೆಗೆದಿದ್ದಾರೆ. 200 ಅಂದ್ರೆ ಅಲ್ಲಿ ‘ಕಡಿಮೆ’ ಕಷ್ಟ! 2014ರ ಲೆಕ್ಕವೇ ಸತ್ಯಕ್ಕೆ ಹತ್ತಿರ. ಹಳೇ ಗಾಬ್ಲಿನ್‌ನ ಒಂದು ಕತ್ತಿಯೇಟಿಗೆ ಸರಾಸರಿ 5.5 ಹಾನಿ, ಹೊಸ ಮಾಂತ್ರಿಕನ ಪ್ರಾಣ 6ರಿಂದ 8. ಎರಡು ಏಟಿಗೆ ನೆಲಕ್ಕೆ. ತಮಾಷೆ ಅಂದ್ರೆ, 2014ರಲ್ಲಿ ಅದೇ ಕಂಪನಿ ಹೊಸಬರಿಗೆ ಅಂತ ತಂದ ಸ್ಟಾರ್ಟರ್ ಡಬ್ಬಿಯ ಮೊದಲ ಕಾಳಗವೇ ಹೊಂಚು ಹಾಕಿದ ನಾಲ್ಕು ಗಾಬ್ಲಿನ್‌ಗಳದ್ದು. ಪಾತ್ರ ಬರೆಯೋಕೆ ಎರಡು ಗಂಟೆ, ಸಾಯೋಕೆ ಹತ್ತು ನಿಮಿಷ. ಆ ಸ್ನೇಹಿತ ಮುಂದಿನ ಶನಿವಾರ ಬರೋದು ಡೌಟು.

ಹಾಗಾದರೆ ಪರದೆ ಹಿಂದೆ ದಾಳದ ಸಂಖ್ಯೆ ಬದಲಿಸೋದಾ? ಅಪರೂಪಕ್ಕೆ ಮಾಡಬಹುದು, ಅತಿ ಮಾಡಬೇಡಿ ಅನ್ನುತ್ತೆ 2014ರದ್ದು. ಡಿಎಂಗೆ ಆ ಹಕ್ಕು ಇದ್ದೇ ಇದೆ ಅಂತ 1979ರದ್ದೂ ಹೇಳುತ್ತೆ. ಆದರೆ ಅಲ್ಲಿ ಇನ್ನೊಂದು ದಾರಿಯೂ ಇದೆ: ಎಲ್ಲ ಸರಿಯಾಗಿ ಮಾಡಿಯೂ ಬರೀ ದುರದೃಷ್ಟದಿಂದ ಪಾತ್ರ ಸಾಯುವ ಹಾಗಿದ್ದರೆ, ಪ್ರಜ್ಞೆ ತಪ್ಪಲಿ, ಕೈಯೋ ಕಾಲೋ ಹೋಗಲಿ, ಜೀವ ಉಳಿಯಲಿ. ದಾಳದ ಸಂಖ್ಯೆ ಹಾಗೇ ಇರುತ್ತೆ, ಪರಿಣಾಮ ಮಾತ್ರ ಬೇರೆ. ಅದನ್ನು ಎಲ್ಲರ ಎದುರೇ ಮಾಡಬಹುದು. ನನ್ನ ವೋಟು ಇದಕ್ಕೇ.

ಮೊದಲ ಸಲ ಡಿಎಂ ಆಗ್ತಿದ್ದರೆ 2024ರ ಮೊದಲೆರಡು ಅಧ್ಯಾಯ ಸಾಕು. 2008ರದ್ದು ಎಲ್ಲಾದರೂ ಸಿಕ್ಕರೆ ಆಟಗಾರರ ಬಗೆಗಳು ಮತ್ತು 42ನೇ ಪುಟ ಬಿಡಬೇಡಿ. 1979ರದ್ದನ್ನು ಸೆಮ್ ರಜೆಗೆ ಇಟ್ಟುಕೊಳ್ಳಿ. ದುಡ್ಡಿಲ್ಲ ಅಂದ್ರೂ ತೊಂದರೆಯಿಲ್ಲ, ಆಟದ ಮೂಲ ನಿಯಮಗಳನ್ನು ಕಂಪನಿ 2023ರಲ್ಲೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಬಿಟ್ಟಿದೆ. ಮೊದಲ ವಾರ ಗಾಬ್ಲಿನ್ ಎರಡೇ ಇರಲಿ.